ಕೊಂದವನ ಕಣ್ಣಿನಿಂದ ಬರೆದ ಚಿತ್ರ

ಫಾಲ್ಗುಣ ಬಂತೆಂದರೆ ಸಾಂಗ್ಲಿ, ಮಿರಜದ ಚೌಕಗಳಲ್ಲಿ ಒಂದು ಚಿತ್ರ ಏಳುತ್ತದೆ. ಗಡಿ ದಾಟಿ ನಿಪ್ಪಾಣಿ, ಬೆಳಗಾವಿಯ ತನಕ ಅದೇ ಚಿತ್ರ ಫ್ಲೆಕ್ಸಿನಲ್ಲಿ, ಕ್ಯಾಲೆಂಡರಿನಲ್ಲಿ, ಮೊಬೈಲಿನ ಸ್ಟೇಟಸ್ಸಿನಲ್ಲಿ ಬರುತ್ತದೆ. ಎರಡು ಕಂಬ, ನಡುವೆ ಬಿಗಿದ ಸರಪಳಿ, ಸರಪಳಿಯಲ್ಲಿ ಬರಿಮೈಯ ರಾಜ. ಎದೆ, ತೋಳುಗಳ ಸ್ನಾಯು ಒಂದೊಂದೂ ಎದ್ದು ಕಾಣುವಂತೆ ತಿದ್ದಿದ್ದಾರೆ. ಅದರ ಮೇಲೆ ಚಾವಟಿಯ ಬರೆಗಳನ್ನು ಅಷ್ಟೇ ಮುತುವರ್ಜಿಯಿಂದ ಎಳೆದಿದ್ದಾರೆ. ಎಡಕ್ಕೆ ಬಲಕ್ಕೆ ಹಸಿರು ರುಮಾಲಿನ ಇಬ್ಬರು. ಒಬ್ಬನ ಕೈಯಲ್ಲಿ ಕಾದು ಕೆಂಪಾದ ಸಲಾಕೆ, ಅದರ ತುದಿ ರಾಜನ ಕಣ್ಣಿಗೆ ಒಂದು ಬೆರಳಿನಷ್ಟು ದೂರ. ಮೇಲೆ ಕೇಸರಿ ಆಕಾಶ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಧರ್ಮವೀರ’. ಇವರು ಛತ್ರಪತಿ ಸಂಭಾಜಿ ಮಹಾರಾಜರು, ಅಂದರೆ ಶಂಭುರಾಜರು. 1689ರ ಮಾರ್ಚ್ 11ರಂದು ಔರಂಗಜೇಬನ ಆಜ್ಞೆಯಂತೆ ಕೊಲೆಯಾದ ಮರಾಠಾ ದೊರೆ. ಆಗ ಅವರಿಗೆ 31 ವರ್ಷ.

ಸಾಂಗ್ಲಿಯಲ್ಲಿ ನೆಲೆಯಿರುವ ಶಿವ ಪ್ರತಿಷ್ಠಾನ ಹಿಂದುಸ್ತಾನ್ ಸಂಘಟನೆಯವರು ಈ ತಿಂಗಳನ್ನು ಬಲಿದಾನ ಮಾಸವೆಂದು ಆಚರಿಸುತ್ತಾರೆ. ಹುಡುಗರು ಚಪ್ಪಲಿ ಬಿಡುತ್ತಾರೆ, ಸಿಹಿ ಬಿಡುತ್ತಾರೆ, ಅಮಾವಾಸ್ಯೆಗೆ ಮೂಕ ಪದಯಾತ್ರೆ ಹೊರಡುತ್ತಾರೆ. ಅವರ ಭಕ್ತಿಯ ಮೇಲೆ ನನ್ನ ತಕರಾರಿಲ್ಲ. ಯಾರಿಗಾಗಿಯೂ ಏನನ್ನೂ ಬಿಡಲೊಲ್ಲದ ಈ ಕಾಲದಲ್ಲಿ ಸತ್ತು ಮುನ್ನೂರು ವರ್ಷ ದಾಟಿದ ಒಬ್ಬ ರಾಜನಿಗಾಗಿ ಒಂದು ತಿಂಗಳು ಬರಿಗಾಲಲ್ಲಿ ನಡೆಯುವ ಹುಡುಗನನ್ನು ಹಗುರಾಗಿ ಕಾಣಲು ನನಗೆ ಮನಸ್ಸು ಬಾರದು. ನನ್ನ ತಕರಾರು ಅವನ ಕಣ್ಣ ಮುಂದೆ ಹಿಡಿದ ಚಿತ್ರದ ಮೇಲೆ. ಈ ಚಿತ್ರ ಶಂಭುರಾಜರನ್ನು ಗೌರವಿಸುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಅವರನ್ನು ಕುಗ್ಗಿಸುತ್ತದೆ, ಅವರ ಸಾವಿನ ಕಾರಣವನ್ನು ಮರೆಮಾಚುತ್ತದೆ, ಅವರನ್ನು ಕೊಂದವನ ಕೆಲಸವನ್ನೇ ಮುಂದುವರಿಸುತ್ತದೆ.

ಪ್ರಚಲಿತ ನಂಬಿಕೆಯನ್ನು ಮೊದಲು ನೇರವಾಗಿ ಇಡುತ್ತೇನೆ. ‘ಮತ ಬದಲಿಸು, ಜೀವ ಉಳಿಸುತ್ತೇನೆ ಎಂದು ಬಾದಶಹ ಹೇಳಿದ. ರಾಜರು ಒಪ್ಪಲಿಲ್ಲ. ಆದ್ದರಿಂದ ಅವರು ಸತ್ತದ್ದು ಧರ್ಮಕ್ಕಾಗಿ. ಆ ಹಿಂಸೆಯನ್ನು ಹಸಿಹಸಿಯಾಗಿ ತೋರಿಸದೆ ಹೋದರೆ ಮುಂದಿನ ಪೀಳಿಗೆ ಅದನ್ನು ಮರೆಯುತ್ತದೆ.’ ಈ ಮಾತನ್ನು ಸಾಂಗ್ಲಿಯ ಚಹಾದಂಗಡಿಯಲ್ಲಿ ಕೇಳಬಹುದು, ಮುಂಬೈಯ ಭಾಷಣದಲ್ಲಿ ಕೇಳಬಹುದು, 2025ರ ಫೆಬ್ರವರಿಯಲ್ಲಿ ತೆರೆಗೆ ಬಂದ ‘ಛಾವಾ’ ಸಿನಿಮಾದ ಕೊನೆಯ ಭಾಗದಲ್ಲೂ ಕಾಣಬಹುದು. 2022ರ ಡಿಸೆಂಬರಿನಲ್ಲಿ ಅಜಿತ್ ಪವಾರ್ ಅವರು ವಿಧಾನಸಭೆಯಲ್ಲಿ ಸಂಭಾಜಿ ಮಹಾರಾಜರನ್ನು ಧರ್ಮವೀರ ಎನ್ನದೆ ಸ್ವರಾಜ್ಯ ರಕ್ಷಕ ಎನ್ನಬೇಕು ಎಂದಾಗ ಎದ್ದ ಗದ್ದಲ ನೆನಪಿರಬಹುದು. ಬಿರುದಿನ ಆ ಜಗಳಕ್ಕೆ ನಾನು ಹೋಗುವುದಿಲ್ಲ. ಬಿರುದಿಗಿಂತ ಚಿತ್ರ ಆಳಕ್ಕೆ ಇಳಿಯುತ್ತದೆ. ಅಕ್ಷರ ಬಾರದ ಮಗುವಿನ ಮನಸ್ಸಿಗೂ ಅದು ಇಳಿಯುತ್ತದೆ.

ಈ ದೃಶ್ಯವನ್ನು ಮೊದಲು ಕಟ್ಟಿದವರು ಯಾರು? ಮರಾಠರಲ್ಲ. 1689ರ ಫೆಬ್ರವರಿ ಮೊದಲಲ್ಲಿ ಕೊಂಕಣದ ಸಂಗಮೇಶ್ವರದಲ್ಲಿ ಮೊಘಲ್ ಸರದಾರ ಮುಕರ್ರಬ್ ಖಾನನ ಪಡೆಗೆ ಸಂಭಾಜಿ ಮಹಾರಾಜರೂ ಅವರ ಆಪ್ತ ಕವಿ ಕಲಶನೂ ಸಿಕ್ಕಿಬಿದ್ದರು. ಆ ಖಾನ ಹೊರಟದ್ದು ನಮ್ಮ ನೆರೆಯ ಕೊಲ್ಹಾಪುರದ ಕಡೆಯಿಂದ. ಸೆರೆಯಾಳುಗಳನ್ನು ಭೀಮಾ ತೀರದ ಬಹಾದ್ದೂರಗಡದಲ್ಲಿದ್ದ ಬಾದಶಹನ ಬಿಡಾರಕ್ಕೆ ಒಯ್ದರು. ಒಳಗೆ ತರುವ ಮೊದಲು ಇಬ್ಬರಿಗೂ ವಿದೂಷಕರ ವೇಷ ತೊಡಿಸಿ, ಗೆಜ್ಜೆ ಕಟ್ಟಿದ ಉದ್ದ ಟೋಪಿ ಇಟ್ಟು, ಒಂಟೆಯ ಮೇಲೆ ಕೂರಿಸಿ, ನಗಾರಿ ಬಡಿಯುತ್ತ ಇಡೀ ದಂಡಿನ ನಡುವೆ ಮೆರವಣಿಗೆ ಮಾಡಿದರು. ಸಾವಿರಾರು ಜನ ನೋಡಲೆಂದೇ ಮಾಡಿದ ಏರ್ಪಾಡು ಅದು. ಆಮೇಲೆ ಕಣ್ಣು ಕೀಳಿಸಿದರು, ಕಲಶನ ನಾಲಿಗೆ ಕತ್ತರಿಸಿದರು. ಕೊಂದ ಮೇಲೂ ಬಿಡದೆ ತಲೆಗಳಲ್ಲಿ ಹುಲ್ಲು ತುಂಬಿ ದಖ್ಖನಿನ ಊರೂರುಗಳಲ್ಲಿ ಪ್ರದರ್ಶನಕ್ಕಿಟ್ಟರು. ಇತಿಹಾಸಕಾರ ಜದುನಾಥ ಸರ್ಕಾರರು ಇದನ್ನೆಲ್ಲ ಮೊಘಲ್ ಕಾಲದ ಬರಹಗಳಿಂದಲೇ ಎತ್ತಿ ದಾಖಲಿಸಿದ್ದಾರೆ.

ಔರಂಗಜೇಬನಿಗೆ ಇದು ಹೊಸ ವಿದ್ಯೆ ಆಗಿರಲಿಲ್ಲ. ಮೂವತ್ತು ವರ್ಷ ಹಿಂದೆ, 1659ರ ಆಗಸ್ಟಿನಲ್ಲಿ, ಸ್ವಂತ ಅಣ್ಣ ದಾರಾ ಶಿಕೋಹನನ್ನು ಕೊಳಕು ಬಟ್ಟೆಯಲ್ಲಿ, ಬಡಕಲು ಆನೆಯ ಮೇಲೆ ದೆಹಲಿಯ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿ, ಮರುದಿನ ರಾತ್ರಿ ತಲೆ ತೆಗೆಸಿದ್ದ. ದಾರಾ ಮುಸಲ್ಮಾನ. ಅವನಿಗೂ ಧರ್ಮಪಂಡಿತರಿಂದಲೇ ತೀರ್ಪು ಕೊಡಿಸಲಾಗಿತ್ತು, ಇಸ್ಲಾಮಿನಿಂದ ದೂರ ಸರಿದವನೆಂದು. ಗದ್ದುಗೆಗೆ ಅಡ್ಡ ಬಂದವನನ್ನು ಮೊದಲು ಜನರ ಕಣ್ಣಲ್ಲಿ ಸಣ್ಣವನನ್ನಾಗಿ ಮಾಡಬೇಕು, ಆಮೇಲೆ ಕೊಲ್ಲಬೇಕು, ಕೊಲೆಗೆ ಧರ್ಮದ ಮುದ್ರೆ ಒತ್ತಬೇಕು. ಇದು ಆ ದರ್ಬಾರಿನ ಪದ್ಧತಿ.

ಈಗ ಚೌಕದ ಚಿತ್ರವನ್ನು ಮತ್ತೊಮ್ಮೆ ನೋಡಿ. ಆ ಚಿತ್ರದ ಮುಂದೆ ನಿಂತವನು ಎಲ್ಲಿ ನಿಂತಿದ್ದಾನೆ? ಬಾದಶಹನ ಬಿಡಾರದಲ್ಲಿ, ನೋಡಲು ನೆರೆದ ದಂಡಿನ ಸಾಲಿನಲ್ಲಿ. ರಾಜನ ಮೈಮೇಲಿನ ಅಂಗಿ ಕಿತ್ತು, ಕೈಕಾಲಿಗೆ ಬೇಡಿ ಹಾಕಿ, ಒಂದು ಸಾಮ್ರಾಜ್ಯ ಯಾವ ನೋಟವನ್ನು ಲೋಕಕ್ಕೆ ತೋರಿಸಲು ಬಯಸಿತೋ ಅದೇ ನೋಟವನ್ನು ನಾವು ದುಡ್ಡು ಕೊಟ್ಟು ಅಚ್ಚು ಹಾಕಿಸಿ, ಹೂವಿನ ಹಾರ ಹಾಕಿ ನಿಲ್ಲಿಸುತ್ತಿದ್ದೇವೆ. ಕೆಳಗೆ ಬರೆದ ಬಿರುದು ಬೇರೆ ಇರಬಹುದು, ಮೇಲಿನ ದೃಶ್ಯ ಔರಂಗಜೇಬನದೇ. ತಮ್ಮ ಬಗ್ಗೆ ಶಂಭುರಾಜರಿಗಿದ್ದ ಚಿತ್ರ ಬೇರೆಯೇ ಇತ್ತು. ಅಶ್ವತ್ಥದ ಎಲೆಯ ಆಕಾರದ ಅವರ ರಾಜಮುದ್ರೆಯಲ್ಲಿ ಅದು ಇದೆ. ಸಂಸ್ಕೃತದಲ್ಲಿ ಅವರು ಬರೆದ ‘ಬುಧಭೂಷಣ’ದಲ್ಲಿ ಅದು ಇದೆ, ಅಲ್ಲಿ ಅವರು ತಮ್ಮ ಅಜ್ಜ ಶಹಾಜಿ ರಾಜರನ್ನು, ತಂದೆ ಶಿವಾಜಿ ಮಹಾರಾಜರನ್ನು ನೆನೆದು ರಾಜನೀತಿಯ ವಿಚಾರಕ್ಕೆ ಇಳಿಯುತ್ತಾರೆ. ಆ ಅಜ್ಜ ಬೆಂಗಳೂರಿನಲ್ಲಿ ಕೂತು ಜಹಗೀರು ನಡೆಸಿದವರು, ನಮಗೆ ದೂರದವರಲ್ಲ. ರಾಜ ತನ್ನನ್ನು ತಾನು ಹೇಗೆ ಕಂಡನೋ ಆ ಗುರುತುಗಳನ್ನು ಬಿಟ್ಟು, ವೈರಿ ಅವನನ್ನು ಹೇಗೆ ಕಾಣಿಸಿದನೋ ಅದನ್ನು ಆರಿಸಿಕೊಂಡದ್ದು ಯಾವ ಬಗೆಯ ಭಕ್ತಿ?

ಇನ್ನು ಕೊಲೆಯ ಕಾರಣ. 1681ರ ಜೂನಿನಲ್ಲಿ ಔರಂಗಜೇಬನ ಮಗ ಅಕ್ಬರ್ ತಂದೆಯ ಮೇಲೆ ಬಂಡೆದ್ದು, ದುರ್ಗಾದಾಸ ರಾಠೋಡನ ಜೊತೆ ಸಂಭಾಜಿ ಮಹಾರಾಜರ ಆಶ್ರಯಕ್ಕೆ ಬಂದ. ತಾನೇ ದೆಹಲಿಯ ಬಾದಶಹ ಎಂದು ಸಾರಿಕೊಂಡಿದ್ದ ಮಗ ಮರಾಠರ ನೆಲದಲ್ಲಿ ಇದ್ದಾನೆ ಎಂಬುದು ಔರಂಗಜೇಬನ ನಿದ್ದೆ ಕೆಡಿಸಿತು. ಅದೇ ವರ್ಷ ಅವನು ಖುದ್ದಾಗಿ ದಖ್ಖನಿಗೆ ಇಳಿದ. ಮತ್ತೆ ಉತ್ತರಕ್ಕೆ ಮರಳಲೇ ಇಲ್ಲ, 1707ರಲ್ಲಿ ಅಹಮದನಗರದಲ್ಲಿ ಸತ್ತ. ನಡುವೆ 1686ರಲ್ಲಿ ವಿಜಾಪುರವನ್ನೂ ಮರುವರ್ಷ ಗೋಲ್ಕೊಂಡವನ್ನೂ ನುಂಗಿದ. ಅವೆರಡೂ ಮುಸಲ್ಮಾನ ಸುಲ್ತಾನರ ರಾಜ್ಯಗಳು. ಆದಿಲ್‌ಶಾಹಿಯ ಕೊನೆಯ ಸುಲ್ತಾನ ಸಿಕಂದರ್ ಸೆರೆಯಲ್ಲೇ ತೀರಿಕೊಂಡ. ಬಾದಶಹನ ಹಸಿವು ಭೂಮಿಯದು, ಗದ್ದುಗೆಯದು.

ಸೆರೆಸಿಕ್ಕ ರಾಜನಿಗೆ ಬಾದಶಹನ ಅಧಿಕಾರಿ ಹಾಕಿದ ಪ್ರಶ್ನೆಗಳು ಎರಡು: ಖಜಾನೆ ಎಲ್ಲಿದೆ, ನಮ್ಮ ಸರದಾರರಲ್ಲಿ ನಿನ್ನ ಜೊತೆ ಒಳಸಂಚು ಮಾಡಿದವರು ಯಾರು. ಕೋಟೆಗಳ ಕೀಲಿ ಒಪ್ಪಿಸುವುದಾದರೆ ಜೀವ ಉಳಿಸಿ ಸೆರೆಯಲ್ಲಿಡಬಹುದು ಎಂಬ ಸಲಹೆಯೂ ಇತ್ತೆಂದು ಮೊಘಲ್ ಚರಿತ್ರೆಕಾರ ಖಾಫಿ ಖಾನ್ ಬರೆಯುತ್ತಾನೆ. ರಾಜರು ಉತ್ತರವಾಗಿ ಬಾದಶಹನನ್ನೇ ಬೈದರು. ಮತಾಂತರದ ಷರತ್ತಿನ ಕತೆ ಬಣ್ಣ ತುಂಬಿಕೊಂಡು ಬರುವುದು ಬಹಳ ತಡವಾಗಿ ಬರೆದ ಮರಾಠಿ ಬಖರುಗಳಲ್ಲಿ. ದರ್ಬಾರಿನ ಮುಲ್ಲಾಗಳು ಸಾವಿನ ತೀರ್ಪಿಗೆ ಧರ್ಮದ ಕಾರಣ ಕೊಟ್ಟರು ಎಂಬುದು ನಿಜ: ಮುಸಲ್ಮಾನರನ್ನು ಕೊಂದವನು, ಇಸ್ಲಾಮಿನ ನಗರಗಳನ್ನು ಲೂಟಿ ಮಾಡಿದವನು ಎಂದರು. ಆದರೆ ಆ ತೀರ್ಪಿನ ಭಾಷೆ ಕೊಂದವರ ಭಾಷೆ. ಕೊಂದವರು ತಮ್ಮ ಕೃತ್ಯಕ್ಕೆ ಕೊಟ್ಟುಕೊಂಡ ಸಮರ್ಥನೆಯನ್ನೇ ತಿರುಗಿಸಿ ಹಿಡಿದು ‘ಹೌದು, ಇದು ಧರ್ಮದ ವಿಚಾರವೇ’ ಎಂದು ನಾವೇಕೆ ಅನುಮೋದಿಸಬೇಕು?

ಇದಕ್ಕೆ ಗಟ್ಟಿ ಸಾಕ್ಷಿ ರಾಜರ ಮನೆಯಲ್ಲೇ ಇದೆ. 1689ರ ಕೊನೆಗೆ ರಾಯಗಡ ಬಿದ್ದಾಗ ರಾಣಿ ಯೇಸೂಬಾಯಿ, ಮಗ ಶಾಹೂ ಸೆರೆಯಾದರು. ಹುಡುಗನಿಗೆ ಔರಂಗಜೇಬ ರಾಜಾ ಎಂಬ ಪದವಿ ಕೊಟ್ಟ, ಏಳು ಸಾವಿರದ ಮನ್ಸಬು ಕೊಟ್ಟ. 1703ರಲ್ಲಿ ಮತ ಬದಲಿಸುವಂತೆ ಒತ್ತಾಯ ಬಂತು, ಶಾಹೂ ಒಪ್ಪಲಿಲ್ಲ. ಒಪ್ಪದೆಯೂ ಹಿಂದೂವಾಗಿಯೇ ಆ ಬಿಡಾರದಲ್ಲಿ 1707ರ ತನಕ ಬದುಕಿದ, ಬಿಡುಗಡೆಯಾದ, ಛತ್ರಪತಿಯಾದ. 1739ರಲ್ಲಿ ಈ ಮಿರಜ ಕೋಟೆಯನ್ನು ಮರಾಠರ ವಶಕ್ಕೆ ತಂದವನೂ ಅವನೇ. ಮತಾಂತರಕ್ಕೆ ಒಪ್ಪದಿರುವುದೇ ಸಾವಿಗೆ ಕಾರಣವಾಗಿದ್ದರೆ ತಂದೆಗೆ ಒಂದು ಗತಿ, ಮಗನಿಗೆ ಇನ್ನೊಂದು ಗತಿ ಏಕಾಯಿತು? ತಂದೆ ಒಂಬತ್ತು ವರ್ಷ ಯುದ್ಧ ಮಾಡಿದ ದೊರೆ, ಬಾದಶಹನ ಬಂಡುಕೋರ ಮಗನನ್ನು ಸಾಕಿದವರು, ಕೋಟೆ ಕೊಡಲಾರೆನೆಂದವರು. ಮಗ ಕೈಯಲ್ಲಿದ್ದರೆ ಮುಂದೆ ಉಪಯೋಗಕ್ಕೆ ಬರುವ ಬಾಲಕ. ವ್ಯತ್ಯಾಸ ರಾಜಕಾರಣದ್ದು.

ಇದಕ್ಕೆ ಎದುರಾಗಿ ಒಂದು ಪತ್ರವನ್ನು ತೋರಿಸುವವರಿದ್ದಾರೆ. ಸಂಭಾಜಿ ಮಹಾರಾಜರು ಅಂಬೇರದ ರಾಮಸಿಂಗನಿಗೆ ಸಂಸ್ಕೃತದಲ್ಲಿ ಬರೆದ ಪತ್ರ ಅದು. ಹಿಂದೂಗಳ ಸ್ವಾಭಿಮಾನವನ್ನು ಬಡಿದೆಬ್ಬಿಸುವ ಮಾತು ಅದರಲ್ಲಿ ಇದೆ, ಅದನ್ನು ಮುಚ್ಚಿಡುವುದು ತಪ್ಪು. ಮುಸಲ್ಮಾನರಲ್ಲದವರ ಮೇಲಿನ ಜಿಜಿಯಾ ಕರ 1679ರಲ್ಲಿ ಮರಳಿ ಬಂದಿದ್ದ ಕಾಲ, ಆ ಮಾತಿಗೆ ಅರ್ಥವಿತ್ತು. ಆದರೆ ಆ ಪತ್ರ ಕೇಳುವುದೇನನ್ನು? ಔರಂಗಜೇಬನನ್ನು ಇಳಿಸಿ ಅಕ್ಬರನನ್ನು ದೆಹಲಿಯ ಗದ್ದುಗೆಯಲ್ಲಿ ಕೂರಿಸೋಣ, ಕೈಜೋಡಿಸು ಎಂದು. ಒಬ್ಬ ಮುಸಲ್ಮಾನ ರಾಜಪುತ್ರನಿಗಾಗಿ ರಜಪೂತ ರಾಜನ ನೆರವು ಕೇಳುವ ಮರಾಠಾ ದೊರೆ! ಇಂಥ ಎತ್ತರದ ರಾಜಕಾರಣಿಯನ್ನು ಎರಡು ಕಂಬದ ನಡುವೆ ಕಟ್ಟಿಹಾಕಿದ ಚಿತ್ರದಲ್ಲಿ ಆ ಬುದ್ಧಿಗೆ ಜಾಗವೆಲ್ಲಿ? ಇದೇ ಮಹಾರಾಜರು 1682ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಮೇಲೂ ದಂಡೆತ್ತಿ ಬಂದರು. ಚಿಕ್ಕದೇವರಾಜರು ಪರಮ ವೈಷ್ಣವರು. ಅದೇ ಒಡೆಯರು 1687ರಲ್ಲಿ ಮೊಘಲ್ ಸರದಾರ ಕಾಸಿಂ ಖಾನನಿಗೆ ಮೂರು ಲಕ್ಷ ರೂಪಾಯಿ ಕೊಟ್ಟು ಬೆಂಗಳೂರನ್ನು ಪಡೆದರು. ರಾಜರು ರಾಜರಂತೆಯೇ ನಡೆದರು. ಅವರನ್ನು ಅಳೆಯಬೇಕಾದದ್ದು ರಾಜ್ಯದ ಅಳತೆಯಿಂದ.

ಸಾಂಗ್ಲಿ ಜಿಲ್ಲೆಯವರಿಗೂ ಅಥಣಿ ಸೀಮೆಯ ಕನ್ನಡಿಗರಿಗೂ ಈ ರಾಜನ ಜೀವನದಲ್ಲಿ ಒಂದು ಅಧ್ಯಾಯ ವಿಶೇಷವಾಗಿ ಸೇರುತ್ತದೆ. ಹುತಾತ್ಮನ ಚಿತ್ರ ಅಳಿಸಿಹಾಕಿದ್ದು ಅದನ್ನೇ. 1678ರ ಡಿಸೆಂಬರಿನಲ್ಲಿ ತಂದೆಯ ಮೇಲೆ ಮುನಿದ ಯುವರಾಜ ಸಂಭಾಜಿ ಮೊಘಲ್ ಸರದಾರ ದಿಲೇರ್ ಖಾನನನ್ನು ಕೂಡಿಕೊಂಡರು. ಮುಂದಿನ ಏಪ್ರಿಲಿನಲ್ಲಿ ದಿಲೇರ್ ಖಾನ ಭೂಪಾಲಗಡವನ್ನು ಹಿಡಿದಾಗ ಅವರು ಆ ಪಡೆಯಲ್ಲೇ ಇದ್ದರು. ಇಂದಿನ ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿದೆ ಆ ಕೋಟೆ. ಅಲ್ಲಿ ಸೆರೆಸಿಕ್ಕ ಏಳು ನೂರು ಜನರ ಒಂದೊಂದು ಕೈ ಕಡಿಸಲಾಯಿತು. ತಂದೆಯ ಕೋಟೆ, ತಂದೆಯ ಸೈನಿಕರು.

ಆ ದಂಡು ಮುಂದೆ ವಿಜಾಪುರದ ಸೀಮೆಗೆ ಬಂತು. ತಿಕೋಟಾದಲ್ಲಿ ದಿಲೇರ್ ಖಾನನ ಲೂಟಿ ಶುರುವಾದಾಗ ಹಿಂದೂ, ಮುಸಲ್ಮಾನ ಎನ್ನದೆ ಹೆಂಗಸರು ಮಕ್ಕಳನ್ನು ಅವುಚಿಕೊಂಡು ಬಾವಿಗೆ ಹಾರಿದರೆಂದು ಸರ್ಕಾರರು ಬರೆಯುತ್ತಾರೆ. ಎರಡೂ ಮತದ ಸುಮಾರು ಮೂರು ಸಾವಿರ ಜನರನ್ನು ಗುಲಾಮರನ್ನಾಗಿ ಮಾರಲು ಹಿಡಿದರು. ಬಳಿಕ ಅಥಣಿ. ದೊಡ್ಡ ವ್ಯಾಪಾರದ ಊರು. ಅದನ್ನು ಸುಟ್ಟು, ಅಲ್ಲಿನ ಜನರನ್ನೂ ಮಾರಲು ಖಾನ ಹೊರಟಾಗ ಯುವರಾಜ ವಿರೋಧಿಸಿದರು. ಖಾನ ಕೇಳಲಿಲ್ಲ. 1679ರ ನವೆಂಬರಿನ ಒಂದು ರಾತ್ರಿ ಗಂಡುವೇಷದಲ್ಲಿದ್ದ ಯೇಸೂಬಾಯಿ ಮತ್ತು ಹತ್ತು ಸವಾರರ ಜೊತೆ ಅವರು ಮೊಘಲ್ ಬಿಡಾರದಿಂದ ತಪ್ಪಿಸಿಕೊಂಡರು. ವಿಜಾಪುರದ ದಾರಿ ಹಿಡಿದು ಪನ್ಹಾಳಗಡದಲ್ಲಿ ತಂದೆಯ ಜನರನ್ನು ಸೇರಿದರು.

ನನ್ನ ಕಣ್ಣಿಗೆ ಶಂಭುರಾಜರ ಜೀವನದ ತಿರುವು ಈ ರಾತ್ರಿ. ತಪ್ಪು ದಾರಿ ಹಿಡಿದ ಇಪ್ಪತ್ತೆರಡರ ಯುವಕ, ಆ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಭೂಪಾಲಗಡದಲ್ಲೂ ತಿಕೋಟಾದಲ್ಲೂ ಕಣ್ಣಾರೆ ಕಂಡು, ಅಥಣಿಯ ಜನರಿಗಾಗಿ ಬಾಯಿ ತೆರೆದು, ಬಾಯಿಗೆ ಬೆಲೆಯಿಲ್ಲವೆಂದಾಗ ಜೀವದ ಹಂಗು ತೊರೆದು ಎದ್ದು ಹೋದ. ಮುಂದೆ ಹತ್ತು ವರ್ಷಕ್ಕೆ ಅದೇ ಮೊಘಲರ ಕೈಗೆ ಸಿಕ್ಕಾಗ ತಲೆಬಾಗಿಸದ ಗಟ್ಟಿತನದ ಬೇರು ಇಲ್ಲಿದೆ. ಆದರೆ ಹುತಾತ್ಮನ ಚಿತ್ರಕ್ಕೆ ತಪ್ಪು ಮಾಡುವ ಮನುಷ್ಯ ಬೇಡ. ಅದಕ್ಕೆ ಹುಟ್ಟಿನಿಂದಲೇ ನಿಷ್ಕಳಂಕನಾದ ಬಲಿಪಶು ಬೇಕು. ಬಖರುಕಾರರು, ನಾಟಕಕಾರರು ಬಹುಕಾಲ ಶಂಭುರಾಜರನ್ನು ವಿಲಾಸಿಯೆಂದು ಹಳಿದರು. 1960ರಲ್ಲಿ ವಾ. ಸೀ. ಬೇಂದ್ರೆಯವರ ಗ್ರಂಥ, ಅನಂತರ ಕಮಲ ಗೋಖಲೆಯವರ ಸಂಶೋಧನೆ ಆ ಕಳಂಕವನ್ನು ಕಾಗದಪತ್ರಗಳ ಬಲದಿಂದ ತೊಳೆದವು. ಅಷ್ಟು ಕಷ್ಟದಿಂದ ಮರಳಿ ಪಡೆದ ನಿಜವಾದ ರಾಜನನ್ನು ಈಗ ಫ್ಲೆಕ್ಸಿನ ಚಿತ್ರ ಮತ್ತೆ ಕಸಿದುಕೊಳ್ಳುತ್ತಿದೆ. ಆಗ ನಿಂದೆಯಿಂದ ಕಳೆದುಕೊಂಡೆವು, ಈಗ ಆರಾಧನೆಯಿಂದ ಕಳೆದುಕೊಳ್ಳುತ್ತಿದ್ದೇವೆ. ಒಂಬತ್ತು ವರ್ಷದ ಆಳ್ವಿಕೆ, ಜಂಜೀರಾ, ಗೋವೆಯ ಯುದ್ಧಗಳು, ವರ್ಷಗಟ್ಟಲೆ ಮೊಘಲರನ್ನು ತಡೆದು ನಿಲ್ಲಿಸಿದ ರಾಮಶೇಜ ಕೋಟೆ, ಬರೆದ ಗ್ರಂಥಗಳು ಎಲ್ಲವೂ ಹೋಗಿ ಕೊನೆಯ ನಲವತ್ತು ದಿನ ಉಳಿಯುತ್ತವೆ.

‘ಬೇರೆಯವರಿಗೆ ಹುತಾತ್ಮರ ಚಿತ್ರಗಳಿಲ್ಲವೇ, ನಮ್ಮನ್ನೇ ಏಕೆ ಕೇಳುತ್ತೀರಿ?’ ಎಂಬ ಪ್ರಶ್ನೆ ಬರುತ್ತದೆ. ಕೇಳಬೇಕಾದ ಪ್ರಶ್ನೆಯೇ. 1675ರಲ್ಲಿ ದೆಹಲಿಯಲ್ಲಿ ಔರಂಗಜೇಬನ ಆಜ್ಞೆಯಿಂದ ಪ್ರಾಣ ಕೊಟ್ಟ ಗುರು ತೇಗ್ ಬಹಾದ್ದೂರರು ಸಿಖ್ಖರ ಧರ್ಮಗುರು. ಅವರ ಬದುಕೆಲ್ಲ ಗುರುಪೀಠದ್ದು, ಸಾವೂ ಆ ಪೀಠದ್ದು. ರಾಜನ ಪೀಠ ಬೇರೆ. ಸತ್ತ ರಾಜನನ್ನು ಧರ್ಮದ ಹುತಾತ್ಮನೆಂದು ಚಿತ್ರಿಸುವ ರೂಢಿ ಎಲ್ಲಿ ಬಂದಿದೆಯೋ ಅಲ್ಲೆಲ್ಲ ಅದರ ಹಿಂದೆ ಒಂದು ರಾಜಕೀಯ ಅಗತ್ಯ ಇತ್ತು. 1649ರ ಜನವರಿಯಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಚಾರ್ಲ್ಸನ ತಲೆ ಕಡಿದರು. ಅದರ ಬೆನ್ನಿಗೇ ‘ಐಕಾನ್ ಬೆಸಿಲಿಕೆ’ ಎಂಬ ಪುಸ್ತಕ ಬಂತು. ಅದರ ಮೊದಲ ಪುಟದಲ್ಲಿ ವಿಲಿಯಂ ಮಾರ್ಷಲ್ ಕೆತ್ತಿದ ಚಿತ್ರ: ಮೊಣಕಾಲೂರಿದ ದೊರೆ, ಕೈಯಲ್ಲಿ ಮುಳ್ಳಿನ ಕಿರೀಟ, ಕಾಲ ಬಳಿ ಈ ಲೋಕದ ಕಿರೀಟ. ಒಂದೇ ವರ್ಷದಲ್ಲಿ ಆ ಪುಸ್ತಕ ಮೂವತ್ತಕ್ಕೂ ಹೆಚ್ಚು ಸಲ ಅಚ್ಚಾಯಿತು. ಸ್ವಂತ ಪ್ರಜೆಗಳ ಮೇಲೆ ಯುದ್ಧ ಹೂಡಿದ್ದಕ್ಕೆ ವಿಚಾರಣೆಗೆ ನಿಂತ ದೊರೆ ಆ ಒಂದು ಚಿತ್ರದಿಂದ ಸಂತನಾದ. ಚಿತ್ರದ ಶಕ್ತಿಯನ್ನು ಬಲ್ಲ ಕವಿ ಮಿಲ್ಟನ್ ಅದೇ ವರ್ಷ ಅದರ ವಿರುದ್ಧ ಒಂದು ಗ್ರಂಥವನ್ನೇ ಬರೆಯಬೇಕಾಯಿತು. ಚಾರ್ಲ್ಸನ ಹೆಸರಿನ ಪ್ರಾರ್ಥನೆಯನ್ನು ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದಿಂದ ತೆಗೆದದ್ದು 1859ರಲ್ಲಿ. ಆದರೂ ಒಂದು ಮಾತು ಹೇಳಬೇಕು: ಮಾರ್ಷಲನ ಚಿತ್ರದಲ್ಲಿ ಕೊಡಲಿ ಇಲ್ಲ, ಕಡಿದ ಕತ್ತಿಲ್ಲ. ದೊರೆಯ ಅಭಿಮಾನಿಗಳು ಅವನ ಮೈಯನ್ನು ಪ್ರದರ್ಶನಕ್ಕೆ ಇಡಲಿಲ್ಲ.

ರಷ್ಯಾದ ಕೊನೆಯ ತ್ಸಾರ್ ಎರಡನೇ ನಿಕೊಲಸನನ್ನು 1918ರಲ್ಲಿ ಕುಟುಂಬ ಸಮೇತ ಗುಂಡಿಟ್ಟು ಕೊಂದರು. ರಷ್ಯಾದ ಆರ್ಥಡಾಕ್ಸ್ ಚರ್ಚು 2000ದಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿತು. ಆದರೆ ನಂಬಿಕೆಗಾಗಿ ಪ್ರಾಣ ಕೊಟ್ಟ ಹುತಾತ್ಮರ ವರ್ಗದಲ್ಲಿ ಇಡಲಿಲ್ಲ. ಕಷ್ಟವನ್ನು ತಾಳ್ಮೆಯಿಂದ ಸಹಿಸಿ ಸತ್ತವರಿಗೆಂದೇ ಇರುವ ಬೇರೆ ವರ್ಗದಲ್ಲಿ ಇಟ್ಟಿತು. ಸತ್ತ ರಾಜನನ್ನು ಪೂಜಿಸಲು ಹೊರಟ ಚರ್ಚಿಗೇ ಸಾವಿನ ಕಾರಣವನ್ನು ಬೆರೆಸಬಾರದೆಂಬ ವಿವೇಕ ಇತ್ತು.

ದೂರ ಏಕೆ, ನಮ್ಮ ಸೀಮೆಯ ಮೊಹರಮ್ ನೋಡಿ. ಕರ್ಬಲಾದಲ್ಲಿ ಹುಸೇನರು ಕ್ರೂರವಾಗಿ ಕೊಲೆಯಾದರು. ಆ ದುಃಖವನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಆಚರಿಸುತ್ತಾರೆ. ಪಂಜಾ ಏಳುತ್ತವೆ, ರಿವಾಯತ ಪದ ಹಾಡುತ್ತಾರೆ, ಹೆಜ್ಜೆ ಹಾಕುತ್ತಾರೆ. ಹುಸೇನರ ಹರಿದ ಮೈಯನ್ನು ಯಾರೂ ಬರೆದು ನಿಲ್ಲಿಸುವುದಿಲ್ಲ. ಶತಮಾನಗಳಿಂದ ಕಣ್ಣೀರು ಬತ್ತಿಲ್ಲ, ಮರೆವೂ ಬಂದಿಲ್ಲ. ಹಿಂಸೆಯನ್ನು ಹಸಿಹಸಿಯಾಗಿ ತೋರಿಸದಿದ್ದರೆ ನೆನಪು ಅಳಿಯುತ್ತದೆ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಚಿತ್ರ ಗೋಡೆಯ ಮೇಲಷ್ಟೇ ಇರುವುದಿಲ್ಲ ಎಂಬುದನ್ನು ಮಿರಜದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಣಪತಿ ವಿಸರ್ಜನೆಗೆ ಚಿತ್ರ ಬರೆದ ದೊಡ್ಡ ಸ್ವಾಗತ ಕಮಾನುಗಳನ್ನು ನಿಲ್ಲಿಸುವುದು ಆ ಊರಿನ ಸೊಗಸಾದ ಪದ್ಧತಿ. 2009ರ ಸೆಪ್ಟೆಂಬರಿನಲ್ಲಿ ಅಂಥ ಒಂದು ಕಮಾನಿನ ಮೇಲೆ ಅಫ್ಜಲಖಾನನ ವಧೆಯ ಚಿತ್ರ ಬಂತು. ಅದರಿಂದ ಹೊತ್ತಿದ ಗಲಭೆ ಮಿರಜದಲ್ಲಿ ಕರ್ಫ್ಯೂ ತಂದಿತು, ಸಾಂಗ್ಲಿ, ಇಚಲಕರಂಜಿ, ಕೊಲ್ಹಾಪುರಕ್ಕೂ ಹಬ್ಬಿತು. 2023ರ ಜೂನಿನಲ್ಲಿ ಕೊಲ್ಹಾಪುರದಲ್ಲಿ ಕಲ್ಲು ತೂರಾಟ ನಡೆದದ್ದು ಮೊಬೈಲ್ ಸ್ಟೇಟಸ್ಸಿನ ಚಿತ್ರಗಳ ಕಾರಣಕ್ಕೆ. ಕೆಣಕಲೆಂದೇ ಔರಂಗಜೇಬನನ್ನು ಸ್ಟೇಟಸ್ಸಿನಲ್ಲಿ ಮೆರೆಸಿದವರದ್ದೂ ತಪ್ಪೇ. ಇಬ್ಬರೂ ಒಂದೇ ಮಾತನ್ನು ಒಪ್ಪಿಕೊಂಡಿದ್ದಾರೆ: 1689ರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ಅದನ್ನು ತೀರಿಸಬೇಕಾದವನು ಪಕ್ಕದ ಗಲ್ಲಿಯವನು ಎಂದು. ಹಸಿರು ರುಮಾಲಿನ ಹಿಂಸಕನನ್ನು ಬರೆದವನ ಮನಸ್ಸಿನಲ್ಲಿ ಏನೇ ಇರಲಿ, ನೋಡುವ ಹುಡುಗನಿಗೆ ಆ ಮುಖ ಮುಕರ್ರಬ್ ಖಾನನದಾಗಿ ಉಳಿಯುವುದಿಲ್ಲ.

ಆ ಗಲ್ಲಿಯವನು ಯಾರು? ಮಿರಜದ ಶಿಕಲಗಾರರು ಒಂದು ಕಾಲಕ್ಕೆ ಕತ್ತಿ ಸಾಣೆ ಹಿಡಿಯುತ್ತಿದ್ದವರು. ರಾಜ್ಯಗಳು ಮುಗಿದ ಮೇಲೆ ಅದೇ ಕೈಗಳು ಸೋರೆ ಬುರುಡೆ ಹಿಡಿದು ಸಿತಾರು, ತಂಬೂರಿ ಮಾಡತೊಡಗಿದವು. ನಮ್ಮ ಧಾರವಾಡ ಸೀಮೆಯ ದೊಡ್ಡ ದೊಡ್ಡ ಗಾಯಕರ ಹಿಂದೆ ಮೀಟಿದ್ದು ಆ ತಂಬೂರಿ. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜದಲ್ಲಿ; ಅವರ ನೆನಪಿನ ಸಂಗೀತೋತ್ಸವ ನಡೆಯುವುದು ಮೀರಾಸಾಹೇಬ ದರ್ಗಾದಲ್ಲಿ. ಅಂಬಾಬಾಯಿ ಗುಡಿಯಲ್ಲಿ ನವರಾತ್ರಿಗೆ ಹಾಡುವವರೂ ಅದೇ ಸ್ವರ ಹಿಡಿಯುತ್ತಾರೆ. ಈ ಜನರ ಮುಖಕ್ಕೆ ಔರಂಗಜೇಬನ ಕೊಲೆಗಾರರ ರುಮಾಲು ತೊಡಿಸುವುದು ಅನ್ಯಾಯ, ಅದು ಚರಿತ್ರೆಗೂ ಅನ್ಯಾಯ. ಮೊಘಲ್ ದಂಡಿನಲ್ಲಿ ಹಿಂದೂಗಳು ಎಷ್ಟಿದ್ದರೆಂಬುದಕ್ಕೆ ಆ ಕಾಲದ ಚರಿತ್ರೆ ಬರೆದ ಭೀಮಸೇನ, ಈಶ್ವರದಾಸ ನಾಗರ ಇಬ್ಬರೂ ಮೊಘಲ್ ಸೇವೆಯ ಹಿಂದೂಗಳೆಂಬುದೇ ಸಾಕು. ಇತ್ತ ಸಾಂಗ್ಲಿ, ಮಿರಜವನ್ನಾಳಿದ ಪಟವರ್ಧನ ಮನೆತನದ ದಂಡಿನ ಜೊತೆಗಿದ್ದ ಪಿಂಡಾರಿಗಳು 1791ರಲ್ಲಿ ಶೃಂಗೇರಿ ಮಠವನ್ನು ದೋಚಿದರು. ಮಠದ ಜೀರ್ಣೋದ್ಧಾರಕ್ಕೆ ನೆರವು ಕಳಿಸಿದವನು ಟೀಪು. ಎರಡೇ ಬಣ್ಣದ ಚಿತ್ರಕ್ಕೆ ಈ ಚರಿತ್ರೆ ಒಗ್ಗುವುದಿಲ್ಲ.

ಚಿತ್ರದ ಚೌಕಟ್ಟಿನ ಹೊರಗೆ ಉಳಿದವರನ್ನು ನೋಡಿ. ಉತ್ತರದಿಂದ ಬಂದು ರಾಜನ ಜೊತೆ ಅದೇ ಹಿಂಸೆ ಉಂಡು ಸತ್ತ ಕವಿ ಕಲಶ ಮೂಲೆಯಲ್ಲಿ ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ವಢೂ ಗ್ರಾಮದಲ್ಲಿ, ಛಿದ್ರವಾದ ರಾಜದೇಹವನ್ನು ಕೂಡಿಸಿ ಸಂಸ್ಕಾರ ಮಾಡಿದವನು ಗೋವಿಂದ ಗೋಪಾಳ ಎಂಬ ಮಹಾರ ಎಂದು ಪರಂಪರೆ ಹೇಳುತ್ತದೆ. ಬಾದಶಹನ ಭಯಕ್ಕೆ ಯಾರೂ ಮುಂದೆ ಬಾರದಾಗ ಅವನು ಬಂದ. ಅವನ ಸಮಾಧಿಯ ಫಲಕದ ವಿಷಯಕ್ಕೆ 2017ರ ಡಿಸೆಂಬರಿನಲ್ಲಿ ಜಗಳ ಎದ್ದಿತು, ಅದರ ಬೆನ್ನಿಗೆ ಭೀಮಾ ಕೋರೆಗಾಂವದಲ್ಲಿ ರಕ್ತ ಹರಿಯಿತು. ಕೊಂದವರನ್ನು ಇಷ್ಟು ದೊಡ್ಡದಾಗಿ ಬರೆಯುವ ನಾವು ಆ ದೇಹವನ್ನು ಹೆಕ್ಕಿ ಕೂಡಿಸಿದವನನ್ನು ಬರೆಯಲು ಹಿಂಜರಿಯುತ್ತೇವೆ. ಅವನನ್ನು ಬರೆದರೆ ಜಾತಿಯ ಪ್ರಶ್ನೆ ಚೌಕಕ್ಕೆ ಬರುತ್ತದೆ ಎಂಬ ಅಂಜಿಕೆ ಅದು.

ಇನ್ನೊಬ್ಬಳು ಕೆಳದಿಯ ಚೆನ್ನಮ್ಮ. ಅಣ್ಣನ ಕೊಲೆಯ ನಂತರ ಶಂಭುರಾಜರ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಗೆ ಹೊರಟಾಗ ದಾರಿಯಲ್ಲಿ ಅವನನ್ನು ಕಾಯ್ದವಳು ಈ ಲಿಂಗಾಯತ ರಾಣಿ. ಬಾದಶಹನ ಸಿಟ್ಟು ತನ್ನ ರಾಜ್ಯದ ಮೇಲೆ ಬೀಳುತ್ತದೆಂದು ತಿಳಿದೂ ಆಶ್ರಯ ಕೊಟ್ಟಳು, ಮೊಘಲ್ ಪಡೆ ಬಂದಾಗ ಕಾದಾಡಿದಳು. ಮರಾಠಾ ಸೇನಾನಿಗಳಾದ ಸಂತಾಜಿ ಘೋರಪಡೆ, ಧನಾಜಿ ಜಾಧವ, ಮಂತ್ರಿ ರಾಮಚಂದ್ರಪಂತ ಅಮಾತ್ಯ, ರಾಜಾರಾಮನ ರಾಣಿ ತಾರಾಬಾಯಿ ಇವರೆಲ್ಲ ಶಂಭುರಾಜರನ್ನು ಕಳೆದುಕೊಂಡ ರಾಜ್ಯವನ್ನು ಹದಿನೆಂಟು ವರ್ಷ ಹಿಡಿದು ನಿಲ್ಲಿಸಿದರು. ಔರಂಗಜೇಬನಿಗೆ ಸೋಲಾದದ್ದು ಈ ಕೆಲಸದಿಂದ. ಒಬ್ಬನ ಸಾವಿನ ಮೇಲೆ ಕಣ್ಣು ನೆಟ್ಟ ಚಿತ್ರ ಆ ಸಾವನ್ನು ವ್ಯರ್ಥವಾಗಲು ಬಿಡದ ನೂರಾರು ಜನರನ್ನು ಕಾಣುವುದೇ ಇಲ್ಲ.

ರಾಜನ ಬಲಿದಾನವನ್ನು ಸರಿಯಾಗಿ ನೆನೆಯುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ನರಗುಂದದ ದೊರೆ ಬಾಬಾಸಾಹೇಬ ಭಾವೆಯವರನ್ನು ಬ್ರಿಟಿಷರು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದತ್ತಕಕ್ಕೆ ಒಪ್ಪದ, ಜನರ ಆಯುಧ ಕಿತ್ತುಕೊಂಡ ಸರಕಾರದ ವಿರುದ್ಧ ಅವರು ಬಂಡೆದ್ದಿದ್ದರು. ಕೊಂದವರು ಕ್ರೈಸ್ತರು, ಸತ್ತವರು ಬ್ರಾಹ್ಮಣ ದೊರೆ. ಆದರೂ ನರಗುಂದದವರು ಅವರನ್ನು ಧರ್ಮದ ಹುತಾತ್ಮನನ್ನಾಗಿ ಮಾಡಲಿಲ್ಲ, ಊರಿನ ಕ್ರೈಸ್ತರನ್ನು ಆರೋಪಿಗಳನ್ನಾಗಿಯೂ ಮಾಡಲಿಲ್ಲ. ನರಗುಂದದ ಬಂಡಾಯ ಎಂದರು. ಸಾವಿನ ನಿಜವಾದ ಕಾರಣವನ್ನು ಹೇಳಿದರು. ಅದರಿಂದ ಬಾಬಾಸಾಹೇಬರ ತೂಕ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ.

ಆದ್ದರಿಂದ ಸಾಂಗ್ಲಿ, ಮಿರಜದ ಮಂಡಳಿಗಳನ್ನೂ ಬೆಳಗಾವಿಯ ಧರ್ಮವೀರ ಸಂಭಾಜಿ ಚೌಕದಲ್ಲಿ ಸೇರುವ ಯುವಕರನ್ನೂ ನಾನು ಕೇಳುವುದಿಷ್ಟು: ಫಾಲ್ಗುಣದ ವ್ರತ ಬಿಡಬೇಡಿ, ಚಿತ್ರ ಬದಲಿಸಿ. ಬುಧಭೂಷಣ ಬರೆಯುತ್ತ ಕೂತ ರಾಜರನ್ನು ಬರೆಸಿ. ದಿಲೇರ್ ಖಾನನ ಎದುರು ಅಥಣಿಯ ಜನರಿಗಾಗಿ ನಿಂತ ಯುವರಾಜನನ್ನು, ನವೆಂಬರಿನ ರಾತ್ರಿ ಅವನ ಜೊತೆ ಕುದುರೆ ಏರಿದ ಯೇಸೂಬಾಯಿಯನ್ನು ಬರೆಸಿ. ಬಾದಶಹನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೆಹಲಿಯ ಗದ್ದುಗೆ ಅಲುಗಿಸಿದ ಛತ್ರಪತಿಯನ್ನು, ವಢೂವಿನ ಗೋವಿಂದ ಗೋಪಾಳನನ್ನು, ಕೆಳದಿಯ ಚೆನ್ನಮ್ಮನನ್ನು ಬರೆಸಿ. ಬರೆಯುವ ಕಲಾವಿದರು ನಮ್ಮಲ್ಲೇ ಇದ್ದಾರೆ, ಕಮಾನಿನ ಊರು ಮಿರಜ. ಕೊನೆಗೆ ಕೋಟೆಯ ಕೀಲಿ ಕೇಳಿದವನಿಗೆ ಕೊಡದ ರಾಜರನ್ನೂ ಬರೆಸಿ, ಆದರೆ ರಾಜವಸ್ತ್ರದಲ್ಲಿ ಬರೆಸಿ. ಆ ವಸ್ತ್ರವನ್ನು ಕಿತ್ತವನು ಔರಂಗಜೇಬ. ಅದನ್ನು ಮರಳಿ ತೊಡಿಸುವ ಹಕ್ಕೂ ಹೊಣೆಯೂ ನಮ್ಮದು.